ಸಾಗವಾನಿ ಬೇಸ್ ಯಾಕೆ ಸೀಳಿತು: ಧಾರವಾಡದ ಒಂದು ಟರ್ನ್‌ಟೇಬಲ್ ಪ್ರಕರಣ

ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್ ಕೂರುವ ಮರದ ಪೆಟ್ಟಿಗೆಗೆ ಬೇಸ್ ಅನ್ನುತ್ತಾರೆ. ಈ ಪ್ರಕರಣದಲ್ಲಿ ಟರ್ನ್‌ಟೇಬಲ್ಲಿನ ಮಾಲೀಕರು ಧಾರವಾಡದ ನಿವೃತ್ತ ಮಾಸ್ತರರು. ಸೀಳಿದ ಬೇಸಿನ ಬದಲು ಹೊಸದನ್ನು ಮಾಡಿದ ಬಡಿಗೇರರು ಹುಬ್ಬಳ್ಳಿಯವರು. ಇಬ್ಬರ ಹೆಸರೂ ಇಲ್ಲಿಲ್ಲ, ಗುರುತು ಸಿಗುವ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹಳೆಯ ಆಡಿಯೋ ಸಾಮಾನು ರಿಪೇರಿ ನನ್ನ ಕೆಲಸ. ಹಾಗಾಗಿ ಮಷೀನಿನ ಕಡೆಯಿಂದ ನಾನು ಇದರಲ್ಲಿ ಇದ್ದೆ. ಬೇಸ್ ಮಾಡಿಸಲು ಹೊರಟವರು ಮೊದಲು ಕೇಳುವುದು "ಯಾವ ಮರ ಒಳ್ಳೇದು?" ಅಂತ. ಮರದ ಹೆಸರು ಹೇಳಿಬಿಟ್ಟರೆ ಆ ಪ್ರಶ್ನೆ ಮುಗಿಯುವುದಿಲ್ಲ. ಯಾಕೆ ಮುಗಿಯುವುದಿಲ್ಲ ಅನ್ನುವುದನ್ನು ಈ ಒಂದು ಕೆಲಸ ಚೆನ್ನಾಗಿ ತೋರಿಸುತ್ತದೆ.

ಹಿನ್ನೆಲೆ

ಮಾಸ್ತರರ ಮನೆಯಲ್ಲಿ ಎರಡು ಕಪಾಟು ತುಂಬ ರೆಕಾರ್ಡುಗಳಿವೆ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು. ಎಲ್.ಪಿ.ಗಳ ಜೊತೆಗೆ ಅವರ ತಂದೆಯ ಕಾಲದ, ನಿಮಿಷಕ್ಕೆ 78 ಸುತ್ತು ತಿರುಗುವ ರೆಕಾರ್ಡುಗಳೂ ಇವೆ. ಇವನ್ನೆಲ್ಲ ಒಂದೇ ಮಷೀನಿನಲ್ಲಿ ಕೇಳಬೇಕು ಎಂದು ಅವರು ಗ್ಯಾರಾರ್ಡ್ 401 ಎಂಬ ಹಳೆಯ ಟರ್ನ್‌ಟೇಬಲ್ ಕೊಂಡರು. ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ 1960ರ ದಶಕದಿಂದ ತಯಾರಾದ ಮಷೀನು ಅದು. 33⅓, 45, 78 ಮೂರೂ ವೇಗ ಇವೆ.

ಈ ಮಷೀನು ಕಂಪನಿಯಿಂದ ಬರುವಾಗ ಬೇಸೂ ಇರಲಿಲ್ಲ, ಸೂಜಿ ಹಿಡಿಯುವ ತೋಳು, ಅಂದರೆ ಟೋನ್‌ಆರ್ಮೂ ಇರಲಿಲ್ಲ. ಮೋಟಾರು ಮತ್ತು ರೆಕಾರ್ಡ್ ಇಡುವ ತಿರುಗುವ ತಟ್ಟೆ ಕೂತ ಲೋಹದ ಚಾಸಿಸ್ ಮಾತ್ರ ಬರುತ್ತಿತ್ತು. ಕೆಳಗಿನ ಮರದ ಪೆಟ್ಟಿಗೆ ಕೊಂಡವರೇ ಮಾಡಿಸಿಕೊಳ್ಳಬೇಕಿತ್ತು. ಇವತ್ತಿಗೂ ಒಂದೇ ಮಷೀನು ಒಬ್ಬರ ಮನೆಯಲ್ಲಿ ಸೊಗಸಾಗಿ ನುಡಿಯುತ್ತದೆ, ಇನ್ನೊಬ್ಬರ ಮನೆಯಲ್ಲಿ ಗುಂಯ್ ಅನ್ನುತ್ತದೆ. ಅದರ ಅರ್ಧ ಕಾರಣ ಬೇಸೇ.

ಇದರ ಮೋಟಾರು ಬೆಲ್ಟಿನಿಂದ ತಟ್ಟೆ ತಿರುಗಿಸುವುದಿಲ್ಲ. ಮೋಟಾರಿನ ಪುಲ್ಲಿಗೆ ಒಂದು ರಬ್ಬರ್ ಚಕ್ರ ಒತ್ತಿಕೊಳ್ಳುತ್ತದೆ, ಆ ಚಕ್ರ ತಟ್ಟೆಯ ಒಳ ಅಂಚಿಗೆ ಒತ್ತಿಕೊಳ್ಳುತ್ತದೆ. ವೇಗ ಗಟ್ಟಿಯಾಗಿ ಸಿಗುತ್ತದೆ, ಆದರೆ ಮೋಟಾರಿನ ನಡುಕಕ್ಕೂ ದಾರಿ ಸಿಗುತ್ತದೆ. ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ ನಾಲ್ಕು ಧ್ರುವದ ಮೋಟಾರು ಸೆಕೆಂಡಿಗೆ 25ಕ್ಕಿಂತ ತುಸು ಕಡಿಮೆ ಸುತ್ತು ಸುತ್ತುತ್ತದೆ. ಅದರ ಜೊತೆಗೆ 100 ಹರ್ಟ್ಜ್ ಗುಂಗು, ಅಂದರೆ ಸೆಕೆಂಡಿಗೆ 100 ಸಲದ ನಡುಕ ಬೇರೆ. ಸೂಜಿ ಇದ್ಯಾವುದನ್ನೂ ಬಿಡುವುದಿಲ್ಲ. ಸಿನಿಮಾ ಹಾಡು ಕೇಳುವವರಿಗೆ ಇದು ತಕ್ಷಣ ಗೊತ್ತಾಗದೆ ಇರಬಹುದು. ಹಿಂದುಸ್ತಾನಿ ಆಲಾಪ ಹಾಗಲ್ಲ. ತಂಬೂರಿ ಒಂದೇ ನುಡಿಯುತ್ತಿರುವಾಗ ಅದರ ಕೆಳಗೆ ಮೋಟಾರೂ ನುಡಿದರೆ ಬಚ್ಚಿಟ್ಟುಕೊಳ್ಳಲು ಅದಕ್ಕೆ ಜಾಗವೇ ಇಲ್ಲ.

ಮೊದಲ ಬೇಸ್

ಮಾಸ್ತರರು ಮೊದಲ ಬೇಸನ್ನು ಪೀಠೋಪಕರಣ ಮಾಡುವ ಒಬ್ಬರಿಂದ ಮಾಡಿಸಿದ್ದರು. ಮಳೆಗಾಲದ ಕೊನೆಯಲ್ಲಿ ಮರ ತಂದರು, ದಸರೆಯ ಹೊತ್ತಿಗೆ ಬೇಸ್ ತಯಾರಾಯಿತು. ಎರಡು ಇಂಚು ದಪ್ಪದ ಹೊಸ ಸಾಗವಾನಿ ಹಲಗೆಗಳನ್ನು ಅಂಟಿಸಿ ಹದಿನೆಂಟು ಇಂಚು ಅಗಲ ಮಾಡಿದ್ದರು. ಪಾಲಿಶ್ ಕನ್ನಡಿಯ ಹಾಗಿತ್ತು. ಕೆಲಸದಲ್ಲಿ ಕೈಚಳಕ ಕಾಣುತ್ತಿತ್ತು, ಅದನ್ನು ಹೇಳಲೇಬೇಕು.

ಮಾರ್ಚ್ ಬರುವಷ್ಟರಲ್ಲಿ ಮೋಟಾರಿಗೆ ಕೊರೆದ ಚೌಕದ ಮೂಲೆಯಿಂದ ಒಂದು ಬಿರುಕು ಶುರುವಾಗಿ ಅಂಚಿನವರೆಗೆ ಹೋಯಿತು. ಅದೇ ಸಮಯಕ್ಕೆ ರೆಕಾರ್ಡಿನ ಕೊನೆಯ ಹಾಡುಗಳು ಒಡಕಲು ಒಡಕಲಾಗಿ ಕೇಳಿಸತೊಡಗಿದವು. ಗುಂಗು ಮೊದಲ ದಿನದಿಂದಲೂ ಇತ್ತು. "ಬೀಟಿ ಕಟಿಗಿ ತರಸೋಣೇನ್ರಿ?" ಎಂದು ಮಾಸ್ತರರು ಫೋನ್ ಮಾಡಿದಾಗ ನಾನು ಈ ಕೆಲಸಕ್ಕೆ ಸೇರಿದೆ.

ಮರಕ್ಕೆ ಕೈ ಹಾಕುವ ಮುಂಚೆ ಮಷೀನು ನೋಡಬೇಕು ಎಂದು ಹೇಳಿದೆ. ಇದು ಈ ಪ್ರಕರಣದ ಮೊದಲ ನಿರ್ಧಾರ, ಎಲ್ಲರಿಗೂ ನಾನು ಇದನ್ನೇ ಹೇಳುತ್ತೇನೆ. ರಬ್ಬರ್ ಚಕ್ರ ಗಟ್ಟಿಯಾಗಿ ಒಂದು ಕಡೆ ಚಪ್ಪಟೆ ಆಗಿತ್ತು. ಮೋಟಾರು ತೂಗಾಡುವ ಸ್ಪ್ರಿಂಗುಗಳಲ್ಲಿ ಒಂದು ಜಗ್ಗಿತ್ತು. ಎರಡನ್ನೂ ಸರಿಮಾಡಿ, ಎಣ್ಣೆ ಹಾಕಿ ಮತ್ತೆ ಕೇಳಿದಾಗ ಗುಂಗು ಗಮನಾರ್ಹವಾಗಿ ಇಳಿಯಿತು, ಹೋಗಲಿಲ್ಲ. ಆಮೇಲೆ ರೆಕಾರ್ಡನ್ನು ನಿಲ್ಲಿಸಿ, ಸೂಜಿಯನ್ನು ಅದರ ಮೇಲೆ ಇಟ್ಟು, ಚಕ್ರ ತಾಕದ ಹಾಗೆ ಮೋಟಾರು ಮಾತ್ರ ಓಡಿಸಿ, ವಾಲ್ಯೂಮ್ ಏರಿಸಿದೆವು. ಗುಂಗು ಇನ್ನೂ ಕೇಳಿಸಿತು. ತಟ್ಟೆ ತಿರುಗುತ್ತಿಲ್ಲ, ಚಕ್ರ ತಾಕುತ್ತಿಲ್ಲ. ಹಾಗಿದ್ದರೆ ನಡುಕ ಬರುತ್ತಿರುವುದು ಚಾಸಿಸ್ಸು ಮತ್ತು ಮರದ ಮೂಲಕವೇ, ಅಲ್ವಾ? ಮಾಸ್ತರರ ಮಗಳು ಡಾಕ್ಟರು. ಅವರ ಸ್ಟೆತೊಸ್ಕೋಪ್ ಇಸಿದುಕೊಂಡು ಬೇಸಿನ ಮೇಲೆ ಅಲ್ಲಲ್ಲಿ ಇಟ್ಟು ಕೇಳಿದೆವು. ಆರ್ಮ್ ಕೂತ ಮೂಲೆಯಲ್ಲಿ ಮೋಟಾರು ಪಕ್ಕದಲ್ಲೇ ಇದ್ದಷ್ಟು ಸ್ಪಷ್ಟವಾಗಿತ್ತು.

ಬಿರುಕಿನ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಮರ ಸುತ್ತಲಿನ ಗಾಳಿಯ ತೇವಕ್ಕೆ ಹೊಂದಿಕೊಳ್ಳುತ್ತದೆ. ಗಾಳಿಯ ತೇವ 80% ಇದ್ದರೆ ಮರದೊಳಗೆ ಸುಮಾರು 16% ನೀರು ನಿಲ್ಲುತ್ತದೆ. ಗಾಳಿ 30%ಕ್ಕೆ ಇಳಿದರೆ ಮರ 6%ರ ಹತ್ತಿರ ಬರುತ್ತದೆ. ಧಾರವಾಡದ ಜುಲೈ ಮತ್ತು ಧಾರವಾಡದ ಮಾರ್ಚ್ ಎಷ್ಟು ಬೇರೆ ಎಂಬುದು ಇಲ್ಲಿ ಇದ್ದವರಿಗೆ ಹೇಳಬೇಕಿಲ್ಲ. ಸಾಗವಾನಿ ಕಡಿಮೆ ಕುಗ್ಗುವ ಮರ ಅನ್ನುವುದು ನಿಜ. ಆದರೂ ಎಳೆಗೆ ಅಡ್ಡವಾಗಿ ಪ್ರತಿ 1% ನೀರಿಗೆ ಹೆಚ್ಚು ಕಡಿಮೆ 0.2% ಕುಗ್ಗುತ್ತದೆ. ಹದಿನೆಂಟು ಇಂಚಿನ ಹಲಗೆಯಲ್ಲಿ ನೀರು 8% ಇಳಿದರೆ ಅದು ಸುಮಾರು 7 ಮಿ.ಮೀ. ಆಯಿತು. ಎಳೆಯ ಉದ್ದಕ್ಕೆ ಮರ ಕುಗ್ಗುವುದೇ ಇಲ್ಲ ಅಂದರೂ ನಡೆಯುತ್ತದೆ.

ಹಲಗೆ ಕುಗ್ಗಲು ಹೊರಟಿತು. ಲೋಹದ ಚಾಸಿಸ್ ಕುಗ್ಗುವುದಿಲ್ಲ, ಅದನ್ನು ಬೋಲ್ಟ್ ಹಾಕಿ ಬಿಗಿದಿದ್ದರು. ಎಳೆದಾಟದಲ್ಲಿ ಎಲ್ಲಿ ಮರ ಕಿರಿದಾಗಿತ್ತೋ ಅಲ್ಲಿ, ಅದೂ ಚೂಪಾದ ಮೂಲೆಯಿಂದ, ಸೀಳಿತು. ಆರ್ಮ್ ಮರದ ಮೇಲೆ ಕೂತಿತ್ತು, ತಟ್ಟೆಯ ನಡುವಿನ ಕಡ್ಡಿ ಚಾಸಿಸ್ಸಿನಲ್ಲಿ ಇತ್ತು. ಅವೆರಡರ ನಡುವಿನ ಅಂತರ ಒಂದು ಮಿ.ಮೀ.ನಷ್ಟು ಕಡಿಮೆ ಆಗಿತ್ತು. ಈ ಅಂತರ ಅಷ್ಟು ತಪ್ಪಿದರೆ ಕಿವಿಗೆ ಗೊತ್ತಾಗಬಹುದು. ರೆಕಾರ್ಡಿನ ಒಳಗಿನ ಗೆರೆಗಳಲ್ಲಿ ಅದು ಮೊದಲು ಕೇಳಿಸುತ್ತದೆ. ಒಡಕಲು ದನಿಗೂ ಬಿರುಕಿಗೂ ಕಾರಣ ಒಂದೇ ಆಗಿತ್ತು.

ಯಾವ ಮರ?

ಇಲ್ಲಿಂದ ಮುಂದೆ ಹುಬ್ಬಳ್ಳಿಯ ಬಡಿಗೇರರು ಬಂದರು. ಹಳೆಯ ಮನೆಗಳ ಬಾಗಿಲು, ಕಂಬ ಸರಿಮಾಡುವುದರಲ್ಲಿ ಅವರ ಕೈ ಪಳಗಿದೆ. ಆಡಿಯೋ ಗೊತ್ತಿಲ್ಲ, ಮರ ಗೊತ್ತು. ಈ ಕೆಲಸಕ್ಕೆ ಅಂಥವರೇ ಬೇಕಿತ್ತು.

ಬೀಟೆಯ ಮಾತು ಬೇಗ ಮುಗಿಯಿತು. ಅದು ಅಳಿವಿನ ಅಂಚಿಗೆ ಹೋಗುತ್ತಿರುವ ಮರ. ಅಪಾಯದಲ್ಲಿರುವ ಪ್ರಾಣಿ-ಸಸ್ಯಗಳ ದೇಶ-ದೇಶಗಳ ನಡುವಿನ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದ ಇದೆಯಲ್ಲ, ಬೀಟೆ ಸೇರಿದ ಇಡೀ ಕುಲವೇ 2017ರಿಂದ ಅದರ ಎರಡನೇ ಪಟ್ಟಿಯಲ್ಲಿದೆ. ಊರೊಳಗೆ ಸಾಗಿಸಲೂ ಅರಣ್ಯ ಇಲಾಖೆಯ ಕಾಗದ ಬೇಕು. ಕಾಗದ ಇಲ್ಲದೆ "ತಂದು ಕೊಡ್ತೀವ್ರಿ" ಅನ್ನುವವರು ಸಿಗುತ್ತಾರೆ. ಅಂಥವರಿಂದ ತೆಗೆದುಕೊಳ್ಳಲೇಬಾರದು. ಒಂದು ರೆಕಾರ್ಡ್ ಪ್ಲೇಯರಿನ ಕೆಳಗೆ ಇಡಲು ಅಂಥ ಮರ ಕಡಿಯುವುದು ನನಗಂತೂ ಸರಿ ಕಾಣುವುದಿಲ್ಲ.

ಹೊಸ ಸಾಗವಾನಿಯನ್ನೇ ಮತ್ತೆ ತರುವ ಮಾತೂ ಬಂತು. ದಾಂಡೇಲಿಯ ಸರ್ಕಾರಿ ಡಿಪೋ ದೂರವೇನಲ್ಲ. ಆದರೆ ಅಲ್ಲಿ ದಿಮ್ಮಿಗಳ ಲಾಟು ಹರಾಜಾಗುತ್ತದೆ, ಒಂದು ಬೇಸಿಗೆ ಬೇಕಾದ ತುಂಡು ಸಿಗುವುದಿಲ್ಲ. ಮರ ಮಾರುವ ಅಡ್ಡಾದಲ್ಲಿ ಸೀಳಿದ ಹಲಗೆ ಸಿಗುತ್ತದೆ, ಅದು ಒಣಗಿದೆಯೋ ಇಲ್ಲವೋ ಎಂಬುದಕ್ಕೆ ಅಂಗಡಿಯವರ ಮಾತೇ ಆಧಾರ. ನೆರಳಿನಲ್ಲಿ ಒಣಗಲು ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂದು ಬಡಿಗೇರರು ಲೆಕ್ಕ ಹಿಡಿಯುತ್ತಾರೆ. ಎರಡು ಇಂಚಿಗೆ ಎರಡು ವರ್ಷ ಯಾರು ಕಾಯುತ್ತಾರೆ?

ಮಾಸ್ತರರಿಗೆ ಹಲಸಿನ ಮೇಲೆ ಮನಸ್ಸಿತ್ತು.

"ತಮ್ಮಾ, ವೀಣಾ ಹಲಸಿನ್ಯಾಗ ಮಾಡ್ತಾರಲ್ಲ, ಇದಕ್ಕ್ಯಾಕ ಬ್ಯಾಡ?"

ಬಡಿಗೇರರು ಬಾಯಿಂದ ಉತ್ತರ ಕೊಡಲಿಲ್ಲ. ತಮ್ಮ ಮೂಲೆಯಿಂದ ಒಂದೇ ಅಳತೆಯ ಮೂರು ಪಟ್ಟಿ ತಂದರು. ಒಂದು ಹಲಸು, ಒಂದು ಸಾಗವಾನಿ, ಇನ್ನೊಂದು ದಪ್ಪ ಪ್ಲೈವುಡ್. ಪಟ್ಟಿಯ ತುದಿಯಿಂದ ಐದನೇ ಒಂದು ಭಾಗಕ್ಕಿಂತ ತುಸು ಒಳಗೆ ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು, ನಡುವೆ ಬೆರಳ ಗೆಣ್ಣಿನಿಂದ ಬಡಿದರು. ಆ ಜಾಗದಲ್ಲಿ ಹಿಡಿದರೆ ಕೈ ದನಿಯನ್ನು ತಡೆಯುವುದಿಲ್ಲ, ಯಾಕೆಂದರೆ ಪಟ್ಟಿ ನಡುಗುವಾಗ ಆ ಬಿಂದು ಅಲುಗುವುದಿಲ್ಲ. ಹಲಸು ಟಣ್ ಎಂದು ನುಡಿದು ಸ್ವಲ್ಪ ಹೊತ್ತು ಎಳೆಯಿತು. ಸಾಗವಾನಿ ಅದಕ್ಕಿಂತ ಮೆತ್ತಗೆ, ಆದರೂ ಸ್ವರ ಇತ್ತು. ಪ್ಲೈವುಡ್ ಡಬ್ ಎಂದು ಅಲ್ಲಿಗೇ ನಿಂತಿತು.

"ಮಾಸ್ತರ್‌ರ, ವೀಣಾ ಹಾಡಬೇಕ್ರಿ. ಇದು ಹಾಡಬಾರದ್ರಿ."

ಈ ಪ್ರಕರಣ ತಿರುಗಿದ್ದು ಅಲ್ಲಿ. ಅಲ್ಲಿಯವರೆಗೆ ನಾವು ಬೆಲೆಬಾಳುವ ಮರ, ಹೆಸರುವಾಸಿ ಮರ, ವಾದ್ಯದ ಮರ ಎಂದು ಹುಡುಕುತ್ತಿದ್ದೆವು. ಬೇಸಿಗೆ ಬೇಕಾದ್ದು ನಡುಕವನ್ನು ನುಂಗುವ ವಸ್ತು. ಅದು ವರ್ಷಪೂರ್ತಿ ಅಳತೆ ಬದಲಿಸಬಾರದು. ಪ್ಲೈವುಡ್ಡಿನಲ್ಲಿ ಒಂದು ಪದರದ ಎಳೆ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ ಇರುತ್ತದೆ. ಒಂದು ಪದರ ಕುಗ್ಗಲು ಹೋದರೆ ಪಕ್ಕದ್ದು ಬಿಡುವುದಿಲ್ಲ. ಪದರಗಳ ನಡುವಿನ ಅಂಟು ನಡುಕವನ್ನೂ ಸ್ವಲ್ಪ ತಿನ್ನುತ್ತದೆ.

ಮಾಸ್ತರರ ಮುಖ ಸಣ್ಣದಾಯಿತು. ಮನಸೂರರ ರೆಕಾರ್ಡಿನ ಕೆಳಗೆ ಪ್ಲೈವುಡ್ಡೇ? ಅವರ ಬೇಸರ ನನಗೆ ಅರ್ಥವಾಗುತ್ತದೆ. ದಿನಾ ಕಣ್ಣಿಗೆ ಬೀಳುವ ವಸ್ತು ಅದು, ಮುಟ್ಟಿದರೆ ಮರದ ಹಾಗೇ ಇರಬೇಕು. ಅಡುಗೆಮನೆ ಕಟ್ಟೆಗೆ ಹಾಕುವ ಕಡಪಾ ಕಲ್ಲು ಹಾಕಿಸೋಣ ಎಂದು ಅವರ ಗೆಳೆಯರೊಬ್ಬರು ಹೇಳಿದರು. ಕಲ್ಲಿನ ಬೇಸುಗಳು ಇಲ್ಲವೆಂದಲ್ಲ. ಆದರೆ ಚಾಸಿಸ್ಸಿನ ಆಕಾರಕ್ಕೆ ಅದನ್ನು ಕೊರೆಯುವವರು ನಮಗೆ ಸಿಗಲಿಲ್ಲ. ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡುವ ಎಂ.ಡಿ.ಎಫ್. ಹಲಗೆ ಅಗ್ಗ, ಆದರೆ ನೀರು ತಾಗಿದರೆ ಉಬ್ಬುತ್ತದೆ, ಸ್ಕ್ರೂ ಒಮ್ಮೆ ಬಿಚ್ಚಿ ಹಾಕಿದರೆ ಹಿಡಿತ ಹೋಗುತ್ತದೆ. ಅದೂ ಬೇಡವಾಯಿತು.

ಕೊನೆಗೆ ಮಾಸ್ತರರೂ ಬಡಿಗೇರರೂ ಒಪ್ಪಿದ್ದು ಪ್ಲೈವುಡ್ಡು, ಮರ ಎರಡನ್ನೂ ಸೇರಿಸುವುದಕ್ಕೆ. ಮಷೀನು ಮತ್ತು ಆರ್ಮ್ ಎರಡನ್ನೂ ಹೊರುವ ಒಳಗಿನ ದಪ್ಪ ತುಂಡು, ಅಂದರೆ ಗಟ್ಟಿ, ಪ್ಲೈವುಡ್ಡಿನದು. ಸುತ್ತಲಿನ ಚೌಕಟ್ಟು ನಿಜವಾದ ಮರದ್ದು, ಅದಕ್ಕೆ ಯಾವ ಭಾರವೂ ಇಲ್ಲ.

ತೊಲೆ

ಚೌಕಟ್ಟಿನ ಮರವನ್ನು ಹಳೆಯ ಮನೆ ಕೆಡವಿದ ಸಾಮಾನು ಮಾರುವವರಲ್ಲಿ ಹುಡುಕಿದೆವು. ಹುಬ್ಬಳ್ಳಿ-ಧಾರವಾಡದಲ್ಲಿ ರಸ್ತೆ ಅಗಲ ಆಗುವಾಗ, ಹಳೆಯ ಓಣಿಗಳಲ್ಲಿ ಮನೆ ಕೆಡವಿ ಕಟ್ಟುವಾಗ, ತೊಲೆ, ಜಂತಿ, ಕಂಬ, ಬೋದಿಗೆ ಎಲ್ಲ ಅಲ್ಲಿಗೆ ಬರುತ್ತವೆ. ಸೂರಿನ ಕೆಳಗೆ ಎರಡು ಮೂರು ತಲೆಮಾರು ಮಳೆಗಾಲ ಬೇಸಿಗೆ ಕಂಡ ಮರ ಅದು. ಆಗಬೇಕಾದ ಬಾಗುವಿಕೆ, ಬಿರಿಯುವಿಕೆ ಎಲ್ಲ ಆಗಿಹೋಗಿರುತ್ತದೆ.

ಬಡಿಗೇರರು ಸಾಗವಾನಿಯ ಕಂಬಗಳನ್ನು ಬಿಟ್ಟು ಮೂಲೆಯಲ್ಲಿದ್ದ ಒಂದು ಕಪ್ಪು ತೊಲೆಯ ಹತ್ತಿರ ಕೂತರು. ಅಡುಗೆಮನೆಯ ಹೊಗೆ ಕುಡಿದು ಇದ್ದಿಲಿನ ಬಣ್ಣಕ್ಕೆ ಬಂದಿತ್ತು. ಒಂದು ತುದಿ ಎತ್ತಿ ನೋಡಿ "ಮತ್ತಿ ಐತ್ರಿ" ಅಂದರು. ಮತ್ತಿ ಮರ ಸಾಗವಾನಿಗಿಂತ ತುಂಬಾ ಭಾರ. ಒಣ ಸಾಗವಾನಿ ಒಂದು ಘನ ಮೀಟರಿಗೆ ಸುಮಾರು 650 ಕಿಲೋ ಆದರೆ ಮತ್ತಿ 850ರ ಹತ್ತಿರ. ಹಸಿ ಮತ್ತಿ ಒಣಗುವಾಗ ಬಹಳ ಕಾಡುತ್ತದೆ, ಮೈಯೆಲ್ಲ ಬಿರಿಯುತ್ತದೆ. ಅದಕ್ಕೇ ಹೊಸದನ್ನು ಯಾರೂ ಇಂಥ ಕೆಲಸಕ್ಕೆ ಮುಟ್ಟುವುದಿಲ್ಲ. ಹಳೆಯದು ಸಿಕ್ಕರೆ ಮಾತೇ ಬೇರೆ. ಸಾಗವಾನಿ ಕಂಬಕ್ಕಿಂತ ಬೆಲೆಯೂ ಕಡಿಮೆ ಇತ್ತು.

ತೊಲೆಯ ಎರಡೂ ತುದಿ ಗೋಡೆಯೊಳಗೆ ಇದ್ದವು, ಅಲ್ಲಿ ಗೆದ್ದಲು ತಿಂದಿತ್ತು. ಬಡಿಗೇರರು ಉಳಿಯಿಂದ ಚುಚ್ಚುತ್ತಾ ಬಂದು, ಉಳಿ ಇಳಿಯದ ಜಾಗಕ್ಕೆ ಗುರುತು ಹಾಕಿ ಅಲ್ಲಿಗೆ ಕೊಯ್ಸಿದರು. ಮಾರುವವರಿಂದ ಬಿಲ್ ಬರೆಸಿಕೊಂಡೆವು. ಹಳೆಯ ಮರಕ್ಕೆ ಬಿಲ್ ಯಾಕೆ ಎಂದು ಅವರು ಕೇಳಿದರು. ದಾರಿಯಲ್ಲಿ ಯಾರಾದರೂ ತಡೆದು ಕೇಳಿದರೆ ಎಲ್ಲಿಂದ ಬಂತು ಎಂದು ತೋರಿಸಲು ಒಂದು ಕಾಗದ ಬೇಕೇ ಬೇಕು.

ಸಾ ಮಿಲ್ಲಿನವರು ತೊಲೆ ನೋಡಿದ ಕೂಡಲೇ ಬೇಡ ಅಂದರು. ಹಳೆಯ ಮರದಲ್ಲಿ ಮೊಳೆ ಇರುತ್ತದೆ, ಬ್ಲೇಡಿನ ಹಲ್ಲು ಹೋಗುತ್ತದೆ. ಅವರ ಮಾತು ನ್ಯಾಯವಾದದ್ದೇ. ಬಡಿಗೇರರು ತೊಲೆಯನ್ನು ಅಂಗಳದಲ್ಲಿ ಹಾಕಿ, ಹಳೆಯ ಸ್ಪೀಕರಿನಿಂದ ತೆಗೆದ ಮ್ಯಾಗ್ನೆಟ್ಟನ್ನು ದಾರಕ್ಕೆ ಕಟ್ಟಿ, ಇಂಚಿಂಚೂ ಓಡಿಸಿದರು. ಮ್ಯಾಗ್ನೆಟ್ ವಾಲಿದ ಕಡೆಯೆಲ್ಲ ಸುಣ್ಣದ ಗುರುತು. ಕಮ್ಮಾರನ ಕೈಯ ಚೌಕ ಮೊಳೆಗಳು ಹೊರಬಂದವು. ಒಂದು ಮಾತ್ರ ಒಳಗೇ ಮುರಿದಿತ್ತು, ಅದರ ಸುತ್ತಲಿನ ತುಂಡನ್ನೇ ಬಿಟ್ಟುಬಿಟ್ಟರು. ಆಮೇಲೆ ಮಿಲ್ಲಿನವರು ಕೊಯ್ದು ಕೊಟ್ಟರು, ಬ್ಲೇಡಿಗೆ ಏನಾದರೂ ಆದರೆ ಅದರ ಖರ್ಚು ನಮ್ಮದು ಎಂಬ ಮಾತಿನ ಮೇಲೆ.

ಕೀಸುಳಿ ಓಡಿದ ಕೂಡಲೇ ಮಸಿಯ ಕೆಳಗಿನಿಂದ ಕಂದು ಬಣ್ಣ, ಅದರಲ್ಲಿ ಗಾಢ ಗೆರೆಗಳು ಎದ್ದವು. ಮೊಳೆ ಇದ್ದ ಕಡೆ ಕಬ್ಬಿಣ ಮರದ ಒಗರಿಗೆ ಸೇರಿ ನೀಲಿ ಮಿಶ್ರಿತ ಕಪ್ಪು ಕಲೆ ಆಗಿತ್ತು. ಬಡಿಗೇರರು ಆ ಹಲಗೆಯನ್ನು ಹಿಂದಿನ ಬದಿಗೆ ಹಾಕೋಣ ಅಂದರು. ಮಾಸ್ತರರು ಬೇಡ, ಮುಂದೇ ಇರಲಿ ಅಂದರು.

ಕೊಯ್ದ ತಕ್ಷಣ ಕೆಲಸ ಶುರುಮಾಡಲಿಲ್ಲ. ದಪ್ಪ ತೊಲೆಯ ಹೊಟ್ಟೆಯೊಳಗೆ ಹೊರಗಿಗಿಂತ ತೇವ ಜಾಸ್ತಿ ಇರಬಹುದು. ಹಲಗೆಗಳ ನಡುವೆ ಚಿಕ್ಕ ಪಟ್ಟಿ ಇಟ್ಟು ಮಾಸ್ತರರ ಕೋಣೆಯಲ್ಲೇ ಪೇರಿಸಿದೆವು. ಮಷೀನು ಇರುವ ಕೋಣೆಯ ಗಾಳಿಗೇ ಮರ ಒಗ್ಗಬೇಕು. ಪ್ರತಿ ಭಾನುವಾರ ಮಾಸ್ತರರು ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಗುರುತಿನ ತುಂಡು ತೂಗಿ ಕ್ಯಾಲೆಂಡರಿನಲ್ಲಿ ಬರೆದರು. ತೂಕ ಇಳಿಯುವುದು ನಿಂತ ಮೇಲೆ ಬಡಿಗೇರರು ಉಳಿ ಹಿಡಿದರು.

ಕಟ್ಟಿದ್ದು

ಪ್ಲೈವುಡ್ ಕೊಳ್ಳುವಾಗ ಐ.ಎಸ್. 710 ಎಂಬ ಭಾರತೀಯ ಮಾನಕದ ಗುರುತಿನ, ನೀರು ತಡೆಯುವ 18 ಮಿ.ಮೀ. ಮರೈನ್ ಶೀಟು ಆರಿಸಿದೆವು. ಗುರುತೊಂದೇ ನಂಬಿ ತರಬಾರದು. ಅಂಗಡಿಯಲ್ಲೇ ಅಂಚು ನೋಡಬೇಕು, ಪದರಗಳ ನಡುವೆ ತೂತು ಕಂಡರೆ ಬೇಡ. ಮೇಲೆ ಗೆಣ್ಣಿನಿಂದ ಬಡಿಯುತ್ತಾ ಹೋದರೆ ಪೊಳ್ಳು ಇರುವ ಕಡೆ ದನಿ ಬದಲಾಗುತ್ತದೆ. ಬಡಿಗೇರರು ಎರಡು ಶೀಟು ಹಿಂದೆ ಕಳಿಸಿ ಮೂರನೆಯದನ್ನು ಇಟ್ಟುಕೊಂಡರು.

ಐದು ಪದರ ಅಂಟಿಸಿ 90 ಮಿ.ಮೀ. ದಪ್ಪ ಮಾಡಿದೆವು. ಒಳಗೆ ದೊಡ್ಡ ಚೌಕ ಕೊರೆಯುವ ಬದಲು ಮೋಟಾರು ಮತ್ತು ಲಿವರುಗಳ ಆಕಾರಕ್ಕೆ ತಕ್ಕಷ್ಟೇ ಕೊರೆದದ್ದರಿಂದ ಮರ ಹೆಚ್ಚು ಉಳಿಯಿತು. ಎಲ್ಲ ಮೂಲೆಗಳೂ ದುಂಡಗೆ, ಬಿರುಕಿಗೆ ಶುರುವಾಗಲು ಜಾಗ ಸಿಗದ ಹಾಗೆ. ನೀರಿನ ಅಂಟು ಅಗಲವಾದ ಪದರಗಳ ನಡುವೆ ಒಣಗಲು ದಿನಗಟ್ಟಲೆ ತೆಗೆದುಕೊಳ್ಳುತ್ತದೆ. ಅವಸರ ಮಾಡದೆ ಒಂದೊಂದೇ ಪದರ ಏರಿಸಿದರು. ಒಳಗಿನ ಗಟ್ಟಿಯೇ ಹತ್ತು ಕಿಲೋ ಹತ್ತಿರ ತೂಗಿತು.

ಮತ್ತಿಯ ಚೌಕಟ್ಟು ಕೂಡಿಸಿದ ರೀತಿ ನನಗೆ ಬಹಳ ಹಿಡಿಸಿತು. ಹಲಗೆಗಳ ಎಳೆ ಉದ್ದಕ್ಕೆ ಇದೆ. ಹಾಗಾಗಿ ಉದ್ದ ಬದಲಾಗುವುದಿಲ್ಲ, ಎತ್ತರ ಮಾತ್ರ ಋತುವಿಗೆ ತಕ್ಕಂತೆ ಒಂದು ಮಿ.ಮೀ. ಆಚೀಚೆ ಆಗುತ್ತದೆ. ಕೆಳಗಿನ ಸಾಲಿನ ಸ್ಕ್ರೂಗಳನ್ನು ಬಿಗಿಯಾಗಿ ಹಾಕಿ, ಮೇಲಿನ ಸಾಲಿಗೆ ಉದ್ದನೆಯ ತೂತು ಕೊಟ್ಟರು. ಮರ ಏರಲಿ, ಇಳಿಯಲಿ, ಸ್ಕ್ರೂ ತಡೆಯುವುದಿಲ್ಲ. ಚೌಕಟ್ಟಿನ ಮೇಲಂಚನ್ನು ಒಳಗಿನ ಗಟ್ಟಿಗಿಂತ ತುಸು ತಗ್ಗಿಸಿದರು, ಮಳೆಗಾಲದಲ್ಲಿ ಅದು ಮೇಲೆದ್ದು ಚಾಸಿಸ್ಸಿಗೆ ತಾಕಬಾರದಲ್ಲ.

ಏನಾಯಿತು

ಮೊದಲಿನ ಪರೀಕ್ಷೆಯನ್ನೇ ಮತ್ತೆ ಮಾಡಿದೆವು. ನಿಂತ ರೆಕಾರ್ಡು, ಓಡುವ ಮೋಟಾರು, ಏರಿಸಿದ ವಾಲ್ಯೂಮ್. ಗುಂಗು ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ, ಇಂಥ ಮಷೀನಿನಲ್ಲಿ ಅದು ಸೊನ್ನೆ ಆಗುವುದಿಲ್ಲ. ಆದರೆ ಮಾಸ್ತರರು ಕೇಳುವ ಮಟ್ಟದಲ್ಲಿ, ತಂಬೂರಿಯ ಕೆಳಗೆ ಏನೂ ಉಳಿದಿರಲಿಲ್ಲ. ಸ್ಟೆತೊಸ್ಕೋಪನ್ನು ಮೋಟಾರಿನ ಪಕ್ಕ ಇಟ್ಟರೆ ಸದ್ದು ಇತ್ತು, ಆರ್ಮಿನ ಮೂಲೆಗೆ ತಂದರೆ ಕಿವಿಗೊಟ್ಟು ಹುಡುಕಬೇಕಾಯಿತು.

ಒಂದು ತೊಂದರೆ ಹಾಗೇ ಉಳಿಯಿತು. ಕೋಣೆ ಮಹಡಿಯ ಮೇಲಿದೆ, ನೆಲ ಹಲಗೆಯದು. ಯಾರಾದರೂ ಜೋರಾಗಿ ನಡೆದರೆ ಸೂಜಿ ಅಲುಗುತ್ತದೆ. ಬೇಸ್ ಎಷ್ಟೇ ಚೆನ್ನಾಗಿದ್ದರೂ ನೆಲವನ್ನು ಗೆಲ್ಲಲಾರದು. ಅದನ್ನು ಗೋಡೆಗೆ ಹೊಡೆದ ಕಪಾಟಿನಿಂದ ಸರಿಮಾಡಿದೆವು.

ಮಳೆಗಾಲದ ನಡುವೆ ಒಮ್ಮೆ, ಮುಂದಿನ ಬೇಸಿಗೆಯಲ್ಲಿ ಇನ್ನೊಮ್ಮೆ ಆರ್ಮಿನ ಅಂತರ ಅಳೆದೆ. ನನ್ನ ಅಳತೆಪಟ್ಟಿಗೆ ವ್ಯತ್ಯಾಸ ಸಿಗಲಿಲ್ಲ. ಮತ್ತಿಯ ಚೌಕಟ್ಟು ಬೇಸಿಗೆಯಲ್ಲಿ ಕೂದಲೆಳೆಯಷ್ಟು ಇಳಿದಿತ್ತು, ಬೆರಳು ಸವರಿದರೆ ಗೊತ್ತಾಗುವಷ್ಟು. ಅದು ಇಳಿಯಲೆಂದೇ ಹಾಗೆ ಕೂಡಿಸಿದ್ದು.

ಒಂದು ವಿಷಯದಲ್ಲಿ ನಮ್ಮ ನಡುವೆ ಒಮ್ಮತ ಇಲ್ಲ. ಮತ್ತಿಯಿಂದಲೇ ದನಿಗೆ ತುಂಬು ಬಂತು ಎಂದು ಮಾಸ್ತರರು ನಂಬಿದ್ದಾರೆ. ಭಾರ ಹೊರದ ಚೌಕಟ್ಟು ದನಿಯನ್ನು ಅಷ್ಟು ಬದಲಿಸಲಾರದು ಎಂಬುದು ನನ್ನ ಎಣಿಕೆ. ರಬ್ಬರ್ ಚಕ್ರ, ಸ್ಪ್ರಿಂಗು, ಒಳಗಿನ ಪ್ಲೈವುಡ್ಡು, ಆರ್ಮಿನ ಅಂತರ, ಈ ನಾಲ್ಕೂ ಸೇರಿ ಆ ಬದಲಾವಣೆ ತಂದವು. ಮರ ಆರಿಸುವವರು ದುಡ್ಡನ್ನೂ ಸಮಯವನ್ನೂ ಮೊದಲು ಇವುಗಳ ಮೇಲೆ ಹಾಕಲಿ ಎಂಬುದು ನನ್ನ ಆಸೆ. ಚಂದದ ಮರ ಬೇಡವೆಂದಲ್ಲ. ಅದಕ್ಕೆ ಭಾರ ಹೊರಿಸದೆ, ಅದು ಉಸಿರಾಡಲು ಜಾಗ ಬಿಟ್ಟು ಹಾಕಬೇಕು, ಅಷ್ಟೇ.

ಈಗ ಹಾವೇರಿಯವರೊಬ್ಬರು ವಾಲ್ವ್ ಆಂಪ್ಲಿಫೈಯರಿಗೆ, ಅಂದರೆ ಬಿಸಿಯಾಗುವ ಗಾಜಿನ ವಾಲ್ವುಗಳಿಂದ ದನಿ ಏರಿಸುವ ಹಳೆಯ ಬಗೆಯ ಪೆಟ್ಟಿಗೆಗೆ, ಬೇಸ್ ಕೇಳಿದ್ದಾರೆ. ಅಲ್ಲಿ ಸೂಜಿ ಇಲ್ಲ, ಮಿ.ಮೀ. ಲೆಕ್ಕ ಇಲ್ಲ. ನೋಡಬೇಕಾದ್ದು ವಾಲ್ವುಗಳ ಬಿಸಿ ಮತ್ತು ಟ್ರಾನ್ಸ್‌ಫಾರ್ಮರಿನ ನಡುಕ. ಟ್ರಾನ್ಸ್‌ಫಾರ್ಮರನ್ನು ಲೋಹದ ತಟ್ಟೆಗೆ ರಬ್ಬರ್ ವಾಷರ್ ಕೊಟ್ಟು ಕೂರಿಸಿದರೆ ಮರ ಬರೀ ಸುತ್ತಲಿನ ಚೌಕಟ್ಟಾಗುತ್ತದೆ. ಬಡಿಗೇರರು ಅದಕ್ಕೆ ಹಲಸನ್ನೇ ಹೇಳಿದ್ದಾರೆ. ಮೊದಲು ಹಳದಿ ಇದ್ದದ್ದು ವರ್ಷ ಕಳೆದಂತೆ ಕಂದಾಗುತ್ತದೆ, ಹಗುರ, ಉಳಿಗೆ ಚೆನ್ನಾಗಿ ಬಗ್ಗುತ್ತದೆ. ಹಲಗೆಗಳನ್ನು ಈಗಾಗಲೇ ಹಾವೇರಿಯ ಆ ಮನೆಗೆ ಕಳಿಸಿದ್ದೇವೆ. ತೂಗಿ ಬರೆದಿಡಲು ಹೇಳಿದ್ದೇವೆ. ತೂಕ ನಿಂತ ಮೇಲೆ ಕೆಲಸ ಶುರು.